ಶಿವನಂಜಯ್ಯನವರ ಕಾರಿನೊಳಗಿನ ಕಂಸಾಳೆ

"ಒಳಗ್ ಕುಂತ್ಕಂಡು ಕಂಸಾಳೆ ಒಡೀತಾ ಇರೋದು ಯಾರಪ್ಪಾ?"

ಸೋಮವಾರ, ಕಾಗೆಗಳೂ ಪೂರ್ತಿ ಎದ್ದಿರದ ಹೊತ್ತಿನಲ್ಲಿ, ಹನೂರಿನ ತಮ್ಮ ಮನೆಯ ಮುಂದೆ ನಿಂತು ಶಿವನಂಜಯ್ಯನವರು ಹೀಗೆ ಕೇಳಿದರು. ಯಾರನ್ನೂ ಕುರಿತು ಕೇಳಿದ್ದಲ್ಲ. ಎದುರಿಗಿದ್ದದ್ದು ಅವರು ಮೊನ್ನೆ ತಾನೇ ಮೈಸೂರಿನಿಂದ ತಂದಿದ್ದ ಹಳೇ ಬಿಳಿ ಕಾರು. ಬಾನೆಟ್ಟು ಮುಚ್ಚಿತ್ತು, ಎಂಜಿನ್ನು ಓಡುತ್ತಿತ್ತು. ಒಳಗಿನಿಂದ ಝಣ್ ಝಣಕ, ಝಣ್ ಝಣಕ ಎಂದು ಕಂಚಿನ ತಾಳ ಬಡಿದ ಹಾಗೆ ಸದ್ದು ಬರುತ್ತಿತ್ತು.

ಮಲೆ ಮಾದಪ್ಪನ ಸೀಮೆಯಲ್ಲಿ ಹುಟ್ಟಿ, ಜಗುಲಿಯ ಮೇಲೆ ಅವನ ದೇವರಗುಡ್ಡರು ಕೂತು ಕಂಸಾಳೆ ಬಡಿಯುತ್ತ ಕಥೆ ಹಾಡುವುದನ್ನು ಕೇಳುತ್ತಲೇ ತೊಟ್ಟಿಲಲ್ಲಿ ನಿದ್ದೆಹೋದವರಿಗೆ, ಲೋಹಕ್ಕೆ ಲೋಹ ತಾಗಿದ ಸದ್ದೆಲ್ಲ ಮೊದಲು ಕಂಸಾಳೆಯಾಗಿಯೇ ಕೇಳುತ್ತದೆ. ಆಮೇಲೆ ಬೇಕಾದರೆ ಪಾತ್ರೆ, ಅದಾದ ಮೇಲೆ ಸೈಕಲ್ಲು. ಆದ್ದರಿಂದ ಶಿವನಂಜಯ್ಯನವರಿಗೆ ಹಾಗೆ ಕೇಳಿಸಿದ್ದರಲ್ಲಿ ತಪ್ಪೇನೂ ಇಲ್ಲ. ತಪ್ಪಿದ್ದದ್ದು ಅದನ್ನು ಬಾಯಿಬಿಟ್ಟು ಹೇಳಿದ್ದರಲ್ಲಿ. ಮೋಟುಗೋಡೆಯ ಆಚೆ ಚಾಮುಂಡಮ್ಮನವರು ಬಾಗಿಲಿಗೆ ಸಗಣಿ ನೀರು ಹಾಕುತ್ತಿದ್ದರು.

"ಏನಂದೆ ನಂಜಯ್ಯ?"

"ಏನಿಲ್ಲ ಕಣಕ್ಕ. ಸುಮ್ಕೆ."

"ಸುಮ್ಕೆ ಅಲ್ಲ. ನಂಗೂ ಕೇಳ್ತಾ ಅದೆ." ಚಾಮುಂಡಮ್ಮನವರು ಬಕೆಟ್ಟು ಕೆಳಗಿಟ್ಟು ಸೆರಗು ತಲೆಗೆ ಹೊದ್ದರು. "ಅಯ್ಯೋ ನಮ್ಮಪ್ಪ! ಕಂಸಾಳೆಯೇ ಕಣ್ಲಾ!"

ಅಷ್ಟರಲ್ಲಿ ಎಂಜಿನ್ನು ಬಿಸಿಯಾಯಿತು. ಸದ್ದು ಮೆಲ್ಲಗೆ ಇಳಿದು ನಿಂತುಹೋಯಿತು.

"ನೋಡ್ದಾ? ನಾನು ಗುರ್ತು ಇಡಿದ್ ಮ್ಯಾಕೆ ಒಳೀಕ್ ಒಂಟೋದ ಮಾದಪ್ಪ," ಎಂದರು ಚಾಮುಂಡಮ್ಮ, ಕೈಮುಗಿದುಕೊಂಡೇ.

ಈ ಕಾರು ಬಂದ ಬಗೆಯನ್ನು ಇಲ್ಲಿ ಹೇಳಬೇಕು. ಹನೂರಿನ ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಶಿವನಂಜಯ್ಯನವರು ಜೀವಮಾನದಲ್ಲಿ ಒಂದೇ ಒಂದು ಸಲ ಜಂಬ ಕೊಚ್ಚಿದವರು. ಅದೂ ಒಂದೇ ಶಬ್ದದಲ್ಲಿ. ಅವರ ಒಬ್ಬಳೇ ಮಗಳು ರಮ್ಯಳನ್ನು ಯಳಂದೂರಿಗೆ ಕೊಟ್ಟಿದೆ; ಅಳಿಯನ ಕೆಲಸ ದೂರದೂರಿನಲ್ಲಿ. ಅವಳೀಗ ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಏಳು ತಿಂಗಳು ತುಂಬುವುದರೊಳಗೆ ಕರೆತರಬೇಕು, ಎಂಟಕ್ಕೆ ಬಿದ್ದರೆ ಹೊಸಲು ದಾಟಿಸುವಂತಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಕಟ್ಟು. ಆದರೆ ಬೀಗರಾದ ಮಹದೇವಯ್ಯನವರು ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಅವರ ಸ್ಥಳಪರಿಶೀಲನೆ ನಿಂತಿರಲಿಲ್ಲ. ಹಿಂದಿನ ತಿಂಗಳು ತುಂಬಿದ ಪಡಸಾಲೆಯಲ್ಲಿ ಅವರು ಕೇಳಿದ್ದರು:

"ಎಂಗ್ ಕರ್ಕಂಡ್ ಓಯ್ತೀರಿ ಬೀಗ್ರೇ? ಆ ಹನೂರ್ ರಸ್ತೇಲಿ ಬಸ್ಸು ಗಿಸ್ಸು ಅಂದ್ರೆ ನಾ ಕಳಸಕಿಲ್ಲ. ಯಳಂದೂರಲ್ಲೇ ಆಸ್ಪತ್ರೆ ಅದೆ. ಇಲ್ಲೇ ಆಗ್ಲಿ ಬುಡಿ."

"ಕಾರಲ್ಲಿ," ಎಂದಿದ್ದರು ಶಿವನಂಜಯ್ಯ.

"ಯಾರ ಕಾರು?"

"ನಂದೇ."

ಅವರ ಹೆಂಡತಿ ಸೋಮಮ್ಮನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಆ ಹೊತ್ತಿಗೆ ಶಿವನಂಜಯ್ಯನವರ ಹೆಸರಿನಲ್ಲಿದ್ದ ವಾಹನವೆಂದರೆ ಒಂದು ಸೈಕಲ್ಲು. ಅದರ ಹಿಂದಿನ ಚಕ್ರವೂ ಪಂಚರಾಗಿತ್ತು.

ಆಡಿದ ಮಾತನ್ನು ನಿಜ ಮಾಡಲು ಅವರು ಅರವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಮೈಸೂರಿಗೆ ಹೋಗಿ ಕಾರು ನೋಡಿದರು. ಬ್ರೋಕರು ಎಂಜಿನ್ನಿನ ಮೇಲೆ ಕೈಯಿಟ್ಟು, "ಇದ್ರಲ್ಲಿ ಇರೋದು ಬೆಲ್ಟ್ ಅಲ್ಲ ಸಾರ್, ಟೈಮಿಂಗ್ ಚೈನು. ಲೈಫ್‌ಟೈಮ್ ಬರುತ್ತೆ. ಮುಟ್ಟೋ ಹಾಗೇ ಇಲ್ಲ," ಎಂದ. ಯಾರ ಲೈಫ್‌ಟೈಮು ಎಂದು ಶಿವನಂಜಯ್ಯನವರು ಕೇಳಲಿಲ್ಲ. ಕೇಳುವ ಸ್ವಭಾವ ಅವರದಲ್ಲ. ಹೇಳಿದ್ದನ್ನು ಕೈಕಟ್ಟಿಕೊಂಡು ಕೇಳಿಸಿಕೊಳ್ಳುವುದಷ್ಟೇ ಅವರ ಅಭ್ಯಾಸ.

ಮಂಗಳವಾರ ಬೆಳಗಾಗುವುದರೊಳಗೆ ಅವರ ಮನೆಯ ಮುಂದೆ ಬೀದಿಯೇ ನೆರೆದಿತ್ತು. ಚಾಮುಂಡಮ್ಮನವರು ದೊಡ್ಡಸಿದ್ದಯ್ಯನನ್ನು ಕರೆಸಿದ್ದರು. ದೊಡ್ಡಸಿದ್ದಯ್ಯ ಹರೆಯದಲ್ಲಿ ದೀಕ್ಷೆ ಪಡೆದು ಕಂಸಾಳೆ ಹಿಡಿದು ಕುಣಿದ ಮುದುಕ. ತಾಳದ ವಿಷಯದಲ್ಲಿ ಆ ಕಡೆ ಅವನ ಮಾತೇ ಕೊನೆ. ಅವನು ಕೋಲೂರಿಕೊಂಡು ಬಂದು, ರುಮಾಲು ತೆಗೆದು, ಬಾನೆಟ್ಟಿಗೆ ಕಿವಿಯಿಟ್ಟ.

"ಸ್ಟಾಟ್ ಮಾಡು ಮಗಾ."

ಶಿವನಂಜಯ್ಯನವರು ಕೀಲಿ ತಿರುಗಿಸಿದರು. ಝಣ್ ಝಣಕ, ಝಣ್ ಝಣಕ.

ದೊಡ್ಡಸಿದ್ದಯ್ಯನ ಕಣ್ಣು ಮುಚ್ಚಿತು. ಕಾಲ್ಬೆರಳು ಆಡತೊಡಗಿತು. ಬೀದಿ ಉಸಿರು ಬಿಗಿಹಿಡಿಯಿತು. ಸದ್ದು ಇಳಿದ ಮೇಲೆ ಅವನು ತಲೆಯೆತ್ತಿ, ನ್ಯಾಯ ಹೇಳುವವನ ಗಾಂಭೀರ್ಯದಲ್ಲಿ ಹೇಳಿದ: "ಬೀಸು ಕಂಸಾಳೆ ಗತ್ತು. ಒಂದೇಟು ಇಂಚೂರ್ ತಪ್ತಾ ಅದೆ. ನಮ್ ಗುರುಗೋಳ್ಗೂ ಅಲ್ಲೇ ತಪ್ತಿತ್ತು."

"ಉಘೇ ಉಘೇ!" ಎಂದಿತು ಬೀದಿ.

"ಉಲಿ ಸವಾರಿ ಬುಟ್ಟು ಕಾರ್ ಅತ್ತವ್ನೆ ನಮ್ಮಪ್ಪ," ಎಂದು ಚಾಮುಂಡಮ್ಮನವರು ಕಣ್ಣೊರೆಸಿಕೊಂಡರು. "ಬಸುರಿ ಕರೆಯಾಕ್ ಓಗೋ ಕಾರು. ಯಾಕ್ ಅತ್ತಾಕಿಲ್ಲ?"

ಕೂಡಲೇ ಬಾನೆಟ್ಟಿಗೆ ವಿಭೂತಿಯ ಮೂರು ಪಟ್ಟೆ ಬಿದ್ದವು. ವೈಪರಿಗೆ ಚೆಂಡುಹೂವಿನ ಹಾರ ಬಿತ್ತು. ಎಮ್ಮೆ ಕಳೆದುಕೊಂಡಿದ್ದ ಒಬ್ಬರು, "ಇನ್ನೊಂದ್ ಕಿತ ಸ್ಟಾಟ್ ಮಾಡ್ಸಿ ಸಾ, ಎಡುಕ್ಕೋ ಬಲುಕ್ಕೋ ನೋಡ್ಕತೀನಿ," ಎಂದು ಗೋಗರೆದರು. ಮಗಳ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದ ಒಬ್ಬಾಕೆ, ಸದ್ದು ಎಷ್ಟು ಹೊತ್ತು ಇರುತ್ತದೋ ಅಷ್ಟು ಒಳ್ಳೆಯ ಕ್ಲಾಸು ಬರುತ್ತದೆಂದು ತಾನೇ ನಿಯಮ ಮಾಡಿಕೊಂಡು ನಿಂತಳು. ಶಿವನಂಜಯ್ಯನವರು ಯಾರಿಗೂ ಇಲ್ಲವೆನ್ನಲಾರದವರು. ಸಂಜೆಯವರೆಗೂ ಆರಿಸಿದರು, ತಣ್ಣಗಾಗಲು ಕಾದರು, ಹಚ್ಚಿದರು, ಆರಿಸಿದರು, ಕಾದರು, ಹಚ್ಚಿದರು. ಪ್ರತಿ ಸಲ ಕೀಲಿ ತಿರುಗಿಸುವಾಗಲೂ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ಭಕ್ತಿಯೆಂದೇ ತಿಳಿಯಲು ಅವರು ಬಹಳ ಪ್ರಯತ್ನಪಟ್ಟರು.

ಬುಧವಾರ ಬೆಳಿಗ್ಗೆ ಸ್ಟೀರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿತು. ಎಂಜಿನ್ನಿನ ಚಿತ್ರದ ಪುಟ್ಟ ದೀಪ. ಶಿವನಂಜಯ್ಯನವರು ಅದನ್ನು ಬೆರಳಿನಿಂದ ಒರೆಸಿ ನೋಡಿದರು. ಕಿಟಕಿಯಿಂದ ತಲೆ ತೂರಿಸಿದ ಚಾಮುಂಡಮ್ಮನವರು, "ದೀಪಾನೂ ಅಚ್ಚವ್ನೆ!" ಎಂದು ಕೂಗಿದರು. ದೀಪದ ದರ್ಶನಕ್ಕೆ ಸಾಲು ನಿಂತಿತು. ಯಾರೋ ಅದಕ್ಕೂ ಎಣ್ಣೆ ತಂದಿದ್ದರು. ಎಲ್ಲಿ ಹುಯ್ಯಬೇಕೆಂದು ತಿಳಿಯದೆ ಗೇರಿನ ಬುಡಕ್ಕೆ ಹುಯ್ದು ಹೋದರು.

ಮಧ್ಯಾಹ್ನ ಬೀದಿ ಊಟಕ್ಕೆ ಕೂತ ಹೊತ್ತು ನೋಡಿ ಶಿವನಂಜಯ್ಯನವರು ಕಾರನ್ನು ತೆಗೆದುಕೊಂಡು ಕೊಳ್ಳೇಗಾಲಕ್ಕೆ ಹೋದರು. ಕಳ್ಳ ಕೂಡ ಕದ್ದ ಕಾರನ್ನು ಅಷ್ಟು ಮೆಲ್ಲಗೆ ಓಡಿಸುವುದಿಲ್ಲ. ಅಲ್ಲಿ ಮಾದೇಶ್ ಎಂಬಾತನ ಗ್ಯಾರೇಜಿದೆ. ಮಾದೇಶ್ ಎಂಜಿನ್ನಿಗೆ ಕಿವಿಗೊಟ್ಟ.

"ಸದ್ದೇ ಇಲ್ವಲ್ಲ ಸಾ?"

"ಬಿಸಿ ಆದ್ ಮ್ಯಾಕೆ ಇರಕಿಲ್ಲ ಕಣಪ್ಪ. ತಣ್ಣಗಿದ್ದಾಗ ಬತ್ತದೆ."

"ಎಂಗ್ ಬತ್ತದೆ?"

ಶಿವನಂಜಯ್ಯನವರು ಅತ್ತಿತ್ತ ನೋಡಿದರು. ಕಂಸಾಳೆ ಎನ್ನಲು ನಾಚಿಕೆ. ಕೊನೆಗೆ ಬಾಯಲ್ಲೇ ಮಾಡಿ ತೋರಿಸಿದರು: "ಝಣ್ ಝಣಕ, ಝಣ್ ಝಣಕ, ತಕ ಝಣಕ..." ಗತ್ತು ಸಿಕ್ಕಿದ ಮೇಲೆ ಅವರಿಗೆ ನಿಲ್ಲಿಸಲಾಗಲಿಲ್ಲ, ಕೈಯೂ ಮೇಲಕ್ಕೆ ಹೋಯಿತು. ಆಟೋ ರಿಪೇರಿಗೆ ಬಂದವರು, ಟೀ ಕುಡಿಯುತ್ತಿದ್ದವರು, ಎದುರಿನ ಟೈರ್ ಅಂಗಡಿಯವರು ಎಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಒಬ್ಬರು ಹತ್ತು ರೂಪಾಯಿಯ ನೋಟನ್ನೂ ಚಾಚಿದರು.

ಮಾದೇಶ್ ಮಾತ್ರ ನಗಲಿಲ್ಲ. ಹಳದಿ ದೀಪ ನೋಡಿದ. ಬಾನೆಟ್ಟು ಎತ್ತಿ ಆಯಿಲ್ ಕಡ್ಡಿ ಎಳೆದ. ಕಡ್ಡಿಯ ತುದಿಯಲ್ಲಿ ಸುಟ್ಟ ಬೆಲ್ಲದ ಪಾಕದಂಥದ್ದೇನೋ ಅಂಟಿಕೊಂಡು ಬಂತು.

"ಮೊದ್ಲಿನೋರು ಆಯಿಲ್ಲೇ ಬದ್ಲಾಯ್ಸಿಲ್ಲ ಸಾ. ಟೈಮಿಂಗ್ ಚೈನ್ ಸಡ್ಲ ಆಗದೆ."

"ಲೈಫ್‌ಟೈಮು ಅಂದಿದ್ನಲ್ಲಪ್ಪ ಬ್ರೋಕರು?"

"ಲೈಫ್ ಮುಗೀತಾ ಬಂದದೆ, ಅದ್ಕೇ." ಮಾದೇಶ್ ತನ್ನ ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಹಿಡಿದು ತೋರಿಸಿದ. "ಎಂಜಿನ್ ಮೇಲ್ಗಡೆದು ಕೆಳ್ಗಡೆದು ಎರಡೂ ಒಂದೇ ಲೆಕ್ಕುಕ್ಕೆ ತಿರುಗ್ಬೇಕು. ಆ ಲೆಕ್ಕ ಇಡಿದಿರೋದೇ ಈ ಚೈನು. ಸಡ್ಲ ಆದ್ರೆ ಗೋಡೆಗ್ ಬಡೀತದೆ, ಅದೇ ನಿಮ್ ಝಣಕ. ತಪ್ಪೋದ್ರೆ ಎಲ್ಡೂ ಒಂದ್ಕೊಂದ್ ಗುದ್ಕತವೆ. ಆಮ್ಯಾಕೆ ಎಂಜಿನ್ನೇ ಇಲ್ಲ. ತಣ್ಣಗಿದ್ದಾಗ ಸ್ಟಾಟ್ ಮಾಡೋದೇ ಇದ್ಕೆ ಇಸ. ದಿನಾ ಎಷ್ಟ್ ಕಿತ ಸ್ಟಾಟ್ ಮಾಡ್ತೀರಿ?"

ಎಮ್ಮೆ, ಪರೀಕ್ಷೆ, ಎಲ್ಲ ಶಿವನಂಜಯ್ಯನವರ ಕಣ್ಮುಂದೆ ಹಾದುಹೋದವು.

"ಪಾರ್ಟು ಶನಿವಾರ ಬತ್ತದೆ. ಗಾಡಿ ಇಲ್ಲೇ ಬುಡಿ."

"ಶುಕ್ರವಾರಕ್ಕೇ ಮಗಳ ಕರ್ಕಂಡ್ ಬರ್ಬೇಕಲ್ಲಪ್ಪ! ಶನಿವಾರಕ್ಕೆ ಎಂಟಕ್ ಬೀಳ್ತದೆ!"

"ಎಂಟಕ್ ಬೀಳೋದ್ ಚೈನ್‌ಗೆ ಗೊತ್ತಾಯ್ತದಾ ಸಾ? ಬಸುರಿ ಎಂಗುಸ್ನ ಮಾತ್ರ ಇದ್ರಲ್ಲಿ ಕೂರುಸ್ಬ್ಯಾಡಿ. ನಡೂ ದಾರೀಲಿ ನಿಂತ್ರೆ ಇಂದ್ಗಡೆ ಬರೋ ಲಾರಿಯೋನ್ಗೂ ಗೊತ್ತಾಗಕಿಲ್ಲ."

ಹೊಸ ಆಯಿಲ್ ಹಾಕಿಸಿಕೊಂಡು, ಶುಕ್ರವಾರಕ್ಕೆ ಬೇರೆ ಕಾರು ಹುಡುಕಿದರಾಯಿತೆಂದುಕೊಂಡು, ಬೀದಿಗೆ ಹೇಳಿ ಕಾರನ್ನು ನಾಳೆ ತಂದು ಬಿಡುತ್ತೇನೆಂದು ಮಾತು ಕೊಟ್ಟು ಶಿವನಂಜಯ್ಯನವರು ಹಿಂತಿರುಗಿದರು. ಬೀದಿಗೆ ಹೇಳುವ ಅಗತ್ಯವೇನಿತ್ತು ಎಂದು ನೀವು ಕೇಳಬಹುದು. ಹೇಳದೆ ಇರುವುದಕ್ಕೆ ಆ ಬೀದಿಯಲ್ಲಿ ಯಾರಿಗೂ ಸಾಧ್ಯವಾಗಿಲ್ಲ.

ಗುರುವಾರ ಅವರು ಗೇಟು ತೆಗೆದದ್ದೇ ತಡ, ಚಾಮುಂಡಮ್ಮನವರು ಮಣೆ ತಂದು ಕಾರಿನ ಮುಂದೆ ಹಾಕಿಕೊಂಡು ಕೂತರು.

"ಗ್ಯಾರೇಜ್‌ಗಾ? ದೇವ್ರ ಬಿಚ್ಚುಸಾಕಾ? ನನ್ ಮ್ಯಾಲೇ ಅತ್ಸ್ಕಂಡ್ ಓಗು."

"ಅಕ್ಕಾ, ಅದು ಚೈನು ಕಣಕ್ಕ. ಸಡ್ಲ ಆಗದೆ."

"ಸಡ್ಲ ಆಗಿರೋದು ನಿನ್ ತಲೆ ಕಣ್ಲಾ. ಯಾವನೋ ಕೊಳ್ಳೇಗಾಲದೋನ್ ಏಳ್ದ ಅಂತ ನಮ್ ದೊಡ್ಡಸಿದ್ದಣ್ಣನ್ ಮಾತ್ ಸುಳ್ಳಾಗೋಯ್ತಾ?"

ದೊಡ್ಡಸಿದ್ದಯ್ಯ ಕೋಲನ್ನು ನೆಲಕ್ಕೆ ಕುಟ್ಟಿದ. "ಮಗಾ ನಂಜಯ್ಯ. ಚೊಚ್ಚಲ ಬಸುರಿ ಬರೋ ಮನೆ. ತಾನಾಗ್ ಬಂದ ತಾಳವ ನಿಲ್ಲುಸ್ಬ್ಯಾಡ. ನಾನ್ ಇಷ್ಟೇ ಏಳದು."

ಇಷ್ಟೇ ಎಂದದ್ದು ಶಿವನಂಜಯ್ಯನವರಿಗೆ ಇಡೀ ದಿನಕ್ಕಾಯಿತು. ಬಿಚ್ಚಿಸಿದರೆ ಮಗಳಿಗೆ ಏನಾಗುವುದೋ, ಬಿಚ್ಚಿಸದಿದ್ದರೆ ಮಗಳಿಗೆ ಏನಾಗುವುದೋ. ಒಳಗೆ ಬಂದು ಗೋಡೆಗೊರಗಿ ಕೂತರು. ಸೋಮಮ್ಮ ಮಗಳಿಗೆಂದು ಚಿಗಳಿ, ರವೆಉಂಡೆ, ಕೊಬ್ಬರಿ ಮಿಠಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಕೋಣೆಯಲ್ಲಿ ಹೊಸ ಚಾಪೆ, ಹಳೇ ಸೀರೆಯ ಮೆತ್ತನೆ ಕೌದಿ, ಕಿಟಕಿಗೆ ಹೊಸ ಪರದೆ ಎಲ್ಲ ಸಿದ್ಧವಾಗಿದ್ದವು.

"ಯಾಕ್ ಇಂಗ್ ಕುಂತಿದ್ದೀರಿ? ದೇವ್ರೇ ಜೊತೇಲ್ ಬತ್ತಾ ಅವ್ನೆ, ಇನ್ನೇನ್ ಭಯ?" ಎಂದರು ಸೋಮಮ್ಮ.

ಅಷ್ಟರಲ್ಲಿ ಫೋನು ಬಂತು. ಯಳಂದೂರಿನ ಬೀಗರು.

"ಬೀಗ್ರೇ, ನಾನು ಮಹದೇವಯ್ಯ. ನಿಮ್ ಕಾರಿನ್ ವಿಡಿಯೋ ಬಂದದೆ ನಂಗೆ. ಎರಡ್ ಗ್ರೂಪಲ್ಲಿ ಬಂದದೆ. ನಿಜಾನಾ ಸುಳ್ಳಾ?"

"ಅದು... ಸದ್ದು ನಿಜ ಬೀಗ್ರೇ."

ಮತ್ತೆ ಬಂದದ್ದು ಇನ್ಸ್‌ಪೆಕ್ಟರರ ದನಿಯಲ್ಲ. ಭಕ್ತರ ದನಿ. "ನಾನ್ ನಿಮ್ಮ ಏನೋ ಅನ್ಕಂಡಿದ್ದೆ ಬೀಗ್ರೇ. ಕಾರಿನ್ ವಿಚಾರ್ದಲ್ಲೂ ಸುಳ್ಳೇಳ್ತಾರೆ ಅನ್ಕಂಡಿದ್ದೆ. ತಪ್ಪಾಯ್ತು. ನಾಳೆ ಶಾಮಿಯಾನ ಆಕುಸ್ತಾ ಇವ್ನಿ. ನಮ್ ಬೀದಿಯೋರೆಲ್ಲ ಸೇರ್ತಾರೆ. ತಾಳ ಕೇಳ್ಬೇಕು. ಕೇಳ್ದೇಟ್ಗೆ ನನ್ ಸೊಸೇನ ಆ ಕಾರಲ್ಲೇ ಕಳುಸ್ತೀನಿ."

"ಅಕಸ್ಮಾತ್ ಸದ್ದು ಬರ್ದೆ ಇದ್ರೆ ಬೀಗ್ರೇ?"

ದನಿ ತಕ್ಷಣ ಇಲಾಖೆಗೆ ವಾಪಸಾಯಿತು. "ಬರ್ದೆ ಇದ್ರೆ ಅದೂ ಒಂದ್ ಹಳೇ ಕಾರು ಅಷ್ಟೇ ತಾನೇ? ಹಳೇ ಕಾರಲ್ಲಿ ಬಸುರಿ ಕಳಸಕಿಲ್ಲ. ಎರಿಗೆ ಇಲ್ಲೇ ಆಯ್ತದೆ."

ನೋಡಿ, ಮನುಷ್ಯನನ್ನು ಸಿಕ್ಕಿಸಬೇಕೆಂದರೆ ಇದಕ್ಕಿಂತ ಅಚ್ಚುಕಟ್ಟಾದ ಬಲೆ ಯಾವ ಬೇಟೆಗಾರನೂ ಹೆಣೆಯಲಾರ. ಸದ್ದು ನಿಲ್ಲಿಸಿದರೆ ಮಗಳು ಬರುವುದಿಲ್ಲ. ಸದ್ದಿರುವ ಕಾರಿನಲ್ಲಿ ಮಗಳನ್ನು ಕೂರಿಸುವಂತಿಲ್ಲ. ಶಿವನಂಜಯ್ಯನವರು ಹಿತ್ತಲಿಗೆ ಹೋಗಿ, ಕೋಳಿಗೂಡಿನ ಪಕ್ಕ ಬಗ್ಗಿ ಕೂತು, ಮಾದೇಶನಿಗೆ ಫೋನು ಮಾಡಿ ಎಲ್ಲವನ್ನೂ ಪಿಸುಗುಟ್ಟಿದರು.

ಮಾದೇಶ್ ಬಹಳ ಹೊತ್ತು ಕೆಮ್ಮಿದ. ನಗುತ್ತಿದ್ದನೋ ಏನೋ. "ಸರಿ ಸಾ. ಬೆಳಿಗ್ಗೆ ಒಂದೇ ಕಿತ ಸ್ಟಾಟ್ ಮಾಡಿ. ಯಳಂದೂರ್ ಸೇರಾವರ್ಗೂ ಆಫ್ ಮಾಡ್ಬ್ಯಾಡಿ. ಅಲ್ಲಿ ತಣ್ಣಗಾದ್ ಮ್ಯಾಕೆ ಒಂದೇ ಕಿತ ಸದ್ದು ಕೇಳುಸ್ಬುಡಿ. ಮಗಳ ಕೂರುಸ್ಕಂಡು ಬೀದಿ ಕೊನೆ ತಿರುವಿನ್ ತನಕ ಬನ್ನಿ, ನಡ್ದಂಗೆ. ನಾನು ವ್ಯಾನ್ ತಕ್ಕಂಡು ಅಲ್ಲೇ ನಿಂತಿರ್ತೀನಿ. ಅಲ್ಲಿಂದ ನನ್ ಗಾಡೀಲಿ ಓಗ್ಲಿ. ನಿಮ್ದ ಕಟ್ಕಂಡ್ ಎಳ್ಕ ಬತ್ತೀನಿ."

ಶುಕ್ರವಾರ ಹನೂರು ಬಿಡುವಾಗ ಕಾರಿನ ತಾಳ ಎಂದಿಗಿಂತ ಜೋರಾಗಿತ್ತು. ದೊಡ್ಡಸಿದ್ದಯ್ಯ ಎರಡು ಹೆಜ್ಜೆ ಕುಣಿದೇಬಿಟ್ಟ. ಚಾಮುಂಡಮ್ಮನವರು ಬಾನೆಟ್ಟಿನ ಮೇಲೆ ಕರ್ಪೂರ ಹಚ್ಚಿದರು, ಬಣ್ಣ ಸುಲಿಯಿತು. ಸೋಮಮ್ಮ ಡಬ್ಬಿ, ಹಣ್ಣಿನ ತಟ್ಟೆ, ಮಡಿಲು ತುಂಬುವ ಸಾಮಾನುಗಳೊಂದಿಗೆ ಹಿಂದಿನ ಸೀಟಿನಲ್ಲಿ ತುಂಬಿಕೊಂಡರು. ಶಿವನಂಜಯ್ಯನವರು ಪ್ರತಿ ರಸ್ತೆಯುಬ್ಬಿಗೆ ಒಂದು ಸಲ "ಮಾದಪ್ಪಾ" ಎಂದರು. ಆ ರಸ್ತೆಯಲ್ಲಿ ಉಬ್ಬುಗಳಿಗಿಂತ ಹಳ್ಳಗಳು ಹೆಚ್ಚು; ಹಳ್ಳಗಳಿಗೂ ಅಂದರು. ಎತ್ತಿನ ಗಾಡಿಯೊಂದು ಅವರನ್ನು ಹಿಂದೆ ಹಾಕಿ ಹೋಯಿತು.

ಕೊಳ್ಳೇಗಾಲದ ಪೇಟೆಯಲ್ಲಿ ಗ್ಯಾರೇಜಿನ ಮುಂದೆ ಮಾದೇಶ್ ಕೈ ಬೀಸುತ್ತ ನಿಂತಿದ್ದ. "ಆಫ್ ಮಾಡ್ಬ್ಯಾಡಿ ಸಾ!"

"ಯಾರದು?" ಎಂದರು ಸೋಮಮ್ಮ.

"ಗುರ್ತಿನೋರು."

"ಯಾಕ್ ಅಂಗ್ ಬೆವರ್ತಾ ಇದ್ದೀರಿ?"

"ಸೆಕೆ."

"ಗಾಜ್ ಇಳ್ಸಿ ಮತ್ತೆ."

ಇಳಿಸಿದರು. ಬೆವರು ನಿಲ್ಲಲಿಲ್ಲ. ಮುಂದೆ ಯಳಂದೂರಿನ ಗದ್ದೆಬಯಲು ಹಸಿರಾಗಿ ಹರಡಿತ್ತು, ದೂರದಲ್ಲಿ ಬೆಟ್ಟ ನೀಲಿಯಾಗಿತ್ತು. ಅವರು ನೋಡಿದ್ದು ಹಳದಿ ದೀಪ ಒಂದನ್ನೇ.

ಬೀಗರ ಬೀದಿಯಲ್ಲಿ ಶಾಮಿಯಾನ, ಬಾಳೆಕಂಬ, ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ಮೇಲೆ ಊರು. ಮಹದೇವಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಆರತಿ ತಟ್ಟೆಯೊಂದಿಗೆ ಮುಂದೆ ಬಂದರು. ಬಿಸಿಯಾದ ಎಂಜಿನ್ನು ಬೆಣ್ಣೆಯ ಹಾಗೆ ಓಡುತ್ತ ಬಂದು ಶಾಮಿಯಾನದ ಕೆಳಗೆ ನಿಂತಿತು. ಒಂದಿಷ್ಟೂ ಸದ್ದಿಲ್ಲ.

ಮಹದೇವಯ್ಯನವರು ಕಾದರು. ಊರು ಕಾಯಿತು.

"ತಾಳ ಎಲ್ಲಿ ಬೀಗ್ರೇ?"

"ಬಿಸಿ ಆಗದೆ ಬೀಗ್ರೇ. ತಣ್ಣಗಾಗ್ಬೇಕು."

"ಯಾರ್ ಬಿಸಿ ಆಗವ್ರೆ? ದೇವ್ರಾ?"

"ಎಂಜಿನ್ನು."

ಮಹದೇವಯ್ಯನವರು ಸಮಸ್ಯೆ ಕಂಡರೆ ಕೂಡಲೇ ಕ್ರಮ ಜರುಗಿಸುವವರು. ಎಂಜಿನ್ನು ಆರಿಸಿಸಿದರು. ಬಾನೆಟ್ಟು ಎತ್ತಿಸಿದರು. ಹೆಂಗಸರಿಗೆ ಮೊರ ಕೊಡಿಸಿ ಒಂದು ಕಡೆ ನಿಲ್ಲಿಸಿದರು. ಗಂಡಸರಿಗೆ ಟವೆಲ್ಲು ಹಿಡಿಸಿ ಇನ್ನೊಂದು ಕಡೆ. ಶಾಮಿಯಾನದವನ ಫ್ಯಾನು ಬಂತು. ಸೌತೆಕಾಯಿ ಇಟ್ಟರೆ ತಂಪಾಗುತ್ತದೆಯೇ ಎಂದು ಒಬ್ಬರು ವಿಚಾರಿಸಿದರು. ಯಳಂದೂರು ಒಂದು ಕಾರಿಗೆ ಗಾಳಿ ಹಾಕಿತು. ಬಿಸಿ ಅನ್ನ ಆರಿಹೋಯಿತು, ಸಾರು ಆರಿಹೋಯಿತು, ಎಂಜಿನ್ನು ಮಾತ್ರ ಆರಲೊಲ್ಲದು. ಶಿವನಂಜಯ್ಯನವರು ಅದು ತಣ್ಣಗಾಗಲಿ ಎಂದೂ ಬೇಡುತ್ತಿದ್ದರು, ಆಗದಿರಲಿ ಎಂದೂ ಬೇಡುತ್ತಿದ್ದರು. ಎರಡನ್ನೂ ಒಬ್ಬನ ಹತ್ತಿರವೇ.

ಊಟವಾಗಿ, ಎಲೆ ಅಡಿಕೆ ಮುಗಿದು, ಬಿಸಿಲು ವಾಲಿತು. ಮಹದೇವಯ್ಯನವರು ಎಂಜಿನ್ನನ್ನು ಮುಟ್ಟಿ ನೋಡಿ, "ತಣ್ಣಗದೆ. ನಡೀಲಿ," ಎಂದರು.

ಶಿವನಂಜಯ್ಯನವರು ಕೀಲಿ ತಿರುಗಿಸಿದರು.

ಝಣ್ ಝಣಕ! ಝಣ್ ಝಣಕ! ಹನೂರಿನವರೂ ಅಂಥದ್ದನ್ನು ಕೇಳಿರಲಿಲ್ಲ. ಬಾಳೆಕಂಬಗಳೇ ನಡುಗಿದವು. ಮಹದೇವಯ್ಯನವರ ಕಣ್ಣಲ್ಲಿ ನೀರು ಬಂತು. ಕುರ್ಚಿಗಳೆಲ್ಲ ಹಿಂದಕ್ಕೆ ಸರಿದು ಊರು ಎದ್ದು ನಿಂತಿತು. "ಉಘೇ—"

ಟಕ್.

ಎರಡನೇ ಉಘೇ ಬರುವುದರೊಳಗೆ ಎಲ್ಲ ನಿಂತಿತ್ತು. ಹಳದಿ ದೀಪದ ಜೊತೆಗೆ ಇನ್ನೂ ನಾಲ್ಕಾರು ದೀಪಗಳು ಕೆಂಪಗೆ ಹತ್ತಿ ಕೂತವು. ಶಿವನಂಜಯ್ಯನವರು ಮತ್ತೆ ಕೀಲಿ ತಿರುಗಿಸಿದರು. ಎಂಜಿನ್ನು ಗೊರ್ ಎಂದು ಸುಮ್ಮನಾಯಿತು.

ಹೊತ್ತಾದರೂ ಕಾರು ಬಾರದಿದ್ದುದಕ್ಕೆ ಗಾಬರಿಯಾಗಿ ಮಾದೇಶ್ ವ್ಯಾನನ್ನು ಬೀದಿಯೊಳಕ್ಕೇ ತಂದಿದ್ದ. ಜನರನ್ನು ಸರಿಸಿಕೊಂಡು ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿ, ತಾನೇ ಒಂದು ಸಲ ಕೀಲಿ ತಿರುಗಿಸಿ, ತಲೆಯಾಡಿಸಿದ.

"ಓಯ್ತು ಸಾ."

"ಎಲ್ಲಿಗ್ ಓಯ್ತು?" ಎಂದರು ಮಹದೇವಯ್ಯ.

"ಎಲ್ಲಿಗೂ ಓಗಕಿಲ್ಲ ಸಾ ಇನ್ಮ್ಯಾಕೆ. ಇಲ್ಲೇ."

ಮಹದೇವಯ್ಯನವರು ಊರಿನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದರು. "ಕೇಳುದ್ರಾ? ಎಲ್ಲಿಗೂ ಓಗಕಿಲ್ವಂತೆ! ಇಲ್ಲೇ ಅಂತೆ!"

"ಉಘೇ ಉಘೇ!"

"ಅಲ್ಲ ಬೀಗ್ರೇ!" ಶಿವನಂಜಯ್ಯನವರು ಕಾರಿನಿಂದ ಇಳಿದರು. ಅವರ ದನಿ ಅಷ್ಟು ದೊಡ್ಡದೆಂದು ಸೋಮಮ್ಮನಿಗೂ ಗೊತ್ತಿರಲಿಲ್ಲ. "ಅದು ಮಾದಪ್ಪ ಅಲ್ಲ. ಟೈಮಿಂಗ್ ಚೈನು. ಸಡ್ಲ ಆಗಿತ್ತು. ಈಗ ತಪ್ಪೋಗದೆ. ನಂಗೆ ಬುಧುವಾರದಿಂದ್ಲೇ ಗೊತ್ತಿತ್ತು. ನಾನ್ ಸುಳ್ಳೇಳ್ಬುಟ್ಟೆ."

ಮಹದೇವಯ್ಯನವರು ಬೀಗರ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ, ಮಗುವಿಗೆ ಹೇಳುವಂತೆ ಕೇಳಿದರು: "ದೇವ್ರು ಚೈನಲ್ಲಿ ಇರಕಿಲ್ಲ ಅಂತ ಯಾವ್ ರೂಲ್ಸಲ್ಲಿ ಅದೆ ಬೀಗ್ರೇ?"

ಶಿವನಂಜಯ್ಯನವರು ಮಾದೇಶನ ಕಡೆ ನೋಡಿದರು, ಮಾದೇಶ್ ಎಂಜಿನ್ನಿನ ಕಡೆ ನೋಡಿದ. ಅಂಥ ರೂಲ್ಸು, ನಿಜ ಹೇಳಬೇಕೆಂದರೆ, ನನಗೂ ಸಿಕ್ಕಿಲ್ಲ.

"ನಮ್ ಮನೆ ಮುಂದೆ ಬಂದು ನೆಲೆ ನಿಂತವ್ನೆ. ಶಾಮಿಯಾನ ಬಿಚ್ಬ್ಯಾಡ್ರಿ. ಸುತ್ತ ಕಲ್ ಕಟ್ಸಣ," ಎಂದು ಮಹದೇವಯ್ಯನವರು ಅಪ್ಪಣೆಗಳನ್ನು ಕೊಡತೊಡಗಿದರು. "ದೇವ್ರು ಬಂದ್ ನಿಂತ ದಿನ ಚೊಚ್ಚಲ ಬಸುರಿ ಒಸ್ಲು ದಾಟೋ ಅಂಗಿಲ್ಲ. ನಾಳೆಯಿಂದ ಎಂಟು. ಅಲ್ಲಿಗೆ ಆಯ್ತಲ್ಲ? ಎರಿಗೆ ಇಲ್ಲೇ. ಬೀಗಿತ್ತಿ ಬೇಕಾದ್ರೆ ಬಂದ್ ಇರ್ಲಿ, ಊಟಕ್ಕೇನ್ ಕೊರತೆ?"

ಸೋಮಮ್ಮ ಹಣ್ಣಿನ ತಟ್ಟೆ ಹಿಡಿದುಕೊಂಡು ನಿಂತಲ್ಲೇ ಅಳಲು ಶುರುಮಾಡಿದರು. ಅವರು ಕಾರಿನ ಕಡೆ ನೋಡಲಿಲ್ಲ, ದೇವರ ಕಡೆಯೂ ನೋಡಲಿಲ್ಲ. "ನಾನ್ ಕೋಣೆಗೆ ಹೊಸ ಪರ್ದೆ ಆಕಿದ್ನಲ್ಲಾ," ಎಂದಷ್ಟೇ ಅಂದರು. ಶಿವನಂಜಯ್ಯನವರು ಆ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡರು. ಮುಂದೇನು ಮಾಡಬೇಕೆಂದು ತಿಳಿಯದೆ ತಾವೇ ಹಿಡಿದುಕೊಂಡು ನಿಂತರು.

ಇಷ್ಟೆಲ್ಲ ನಡೆಯುವಾಗ ರಮ್ಯ ಬಾಗಿಲ ಒಳಗೆ ಕುರ್ಚಿಯ ಮೇಲೆ ಕೂತಿದ್ದಳು. ಮಡಿಲು ತುಂಬಿ ಆಗಿತ್ತು, ಕೈ ತುಂಬ ಹಸಿರು ಬಳೆ ತೊಟ್ಟಾಗಿತ್ತು, ಬ್ಯಾಗು ಕಾಲ ಬಳಿ ಇತ್ತು. ಎರಡು ಊರುಗಳು, ಒಬ್ಬ ದೇವರು, ಒಂದು ಎಂಜಿನ್ನು ಎಲ್ಲ ಸೇರಿ ವಾರವಿಡೀ ಅವಳ ಪ್ರಯಾಣದ ವಿಷಯ ತೀರ್ಮಾನಿಸಿದ್ದವು. ಅವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈಗ ಅವಳು ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದು, ಹೊಸಲಿಗೆ ಕೈ ಮುಟ್ಟಿಸಿ ನಮಸ್ಕಾರ ಮಾಡಲು ಬಗ್ಗಲಾಗದೆ ಬಾಗಿಲಿಗೇ ನಮಸ್ಕಾರ ಮಾಡಿ ಹೊರಗೆ ಬಂದಳು. ನೆಟ್ಟಗೆ ಮಾದೇಶನ ವ್ಯಾನಿನ ಹತ್ತಿರ ನಡೆದಳು. ಮಾದೇ‍ಶ್ ಬಾಗಿಲು ಎಳೆದು, ಸೀಟಿನ ಮೇಲಿದ್ದ ಸ್ಪ್ಯಾನರುಗಳನ್ನು ಗಡಿಬಿಡಿಯಲ್ಲಿ ಬಾಚಿ ಕೆಳಗಿಟ್ಟ.

ಮಹದೇವಯ್ಯನವರು ಆರತಿ ತಟ್ಟೆ ಹಿಡಿದೇ ಅಡ್ಡ ಬಂದರು. ಊರೆಲ್ಲ ನೋಡುತ್ತಿತ್ತು.

"ಅವ್ವಾ ರಮ್ಯ, ನಿಂತ್ಕ. ಮದುವೆ ಆಗಿ ಬಂದಾಗ್ಲಿಂದ ನಿನ್ನ ಒಂದ್ ಮಾತೂ ಕೇಳ್ದೋನಲ್ಲ ನಾನು. ಇಷ್ಟ್ ಜನದ್ ಮುಂದೆ ಕೇಳ್ತಾ ಇವ್ನಿ. ಮನೆ ಬಾಗ್ಲಿಗೇ ಬಂದವ್ನೆ ನಮ್ಮಪ್ಪ. ಅವ್ನ ಬುಟ್ಟು ಓಯ್ತೀಯಾ? ಇದೊಂದ್ ನಡ್ಸ್ಕೊಡವ್ವ. ಇಲ್ಲೇ ಇರು."

ರಮ್ಯ ಹಾರ ಹಾಕಿಕೊಂಡು ನಿಂತ ಕಾರನ್ನೊಮ್ಮೆ ನೋಡಿದಳು. ತಟ್ಟೆ ಹಿಡಿದು ನಿಂತ ಅಪ್ಪನನ್ನೂ ಮೂಗು ಒರೆಸಿಕೊಳ್ಳುತ್ತಿದ್ದ ಅವ್ವನನ್ನೂ ನೋಡಿದಳು. ಆಮೇಲೆ ಒಂದು ಕಾಲನ್ನು ವ್ಯಾನಿನೊಳಗಿಟ್ಟಳು.

"ದೇವ್ರ ಬೇಕಾದ್ರೆ ನೀವೇ ಇಟ್ಕಳಿ ಮಾವ," ಎಂದಳು. "ನಾನು ಇರಕಿಲ್ಲ."